ಸಸ್ಯ ಪುನರುತ್ಪತ್ತಿಯ ಮೇಲೆ ಪಿಎಚ್.ಡಿ. ಆರಂಭಿಸುವ ಬಗೆ

ಎಲೆಯ ಚೂರೊಂದರಿಂದ ಇಡೀ ಗಿಡ ಮೂಡಿಬರುವ ಸೋಜಿಗಕ್ಕೆ ಮನಸೋತು ಈ ಕ್ಷೇತ್ರಕ್ಕೆ ಬರುವವರು ಬರೆಯುವ ಸಂಶೋಧನಾ ಪ್ರಸ್ತಾವಗಳಲ್ಲಿ ಬಹಳಷ್ಟು ‘ಇಂಥ ಗಿಡಕ್ಕೆ ಅಂಗಾಂಶ ಕೃಷಿಯ ವಿಧಾನವನ್ನು ರೂಪಿಸುವುದು’ ಎಂಬಲ್ಲಿಗೇ ನಿಂತುಬಿಡುತ್ತವೆ. ಅದು ಉಪಯುಕ್ತ ಕೆಲಸವೇ ಹೌದು. ಆದರೆ ನಾಲ್ಕೈದು ವರ್ಷ ಬೆನ್ನು ಹತ್ತಬಹುದಾದ ಪ್ರಶ್ನೆ ಅದರಲ್ಲಿಲ್ಲ. ಒಂದೇ ಚೂರಿನಲ್ಲಿ ಅಕ್ಕಪಕ್ಕ ಇರುವ ಎರಡು ಕೋಶಗಳ ಪೈಕಿ ಒಂದು ಚಿಗುರಾಗುತ್ತದೆ, ಇನ್ನೊಂದು ಸುಮ್ಮನಿರುತ್ತದೆ, ಏಕೆ? ಆ ಸಾಮರ್ಥ್ಯ ಕೋಶಕ್ಕೆ ಯಾವ ದಿನ ಬರುತ್ತದೆ, ಯಾವಾಗ ಕಳೆದುಹೋಗುತ್ತದೆ? ಪ್ರಸ್ತಾವದ ಮೊದಲ ಪುಟದಲ್ಲಿ ಇಂಥ ಒಂದು ಪ್ರಶ್ನೆ ಇದ್ದರೆ ವಿಧಾನವು ದಾರಿಯಲ್ಲಿ ತಾನಾಗಿ ಸಿಗುತ್ತದೆ.

ಓದನ್ನು ಹಳೆಯ ಪ್ರಬಂಧಗಳಿಂದ ತೊಡಗುವುದು ಒಳ್ಳೆಯದು. ಬಿಡಿ ಕೋಶಗಳನ್ನು ಕೃತಕ ಪೋಷಕ ಮಾಧ್ಯಮದಲ್ಲಿ ಬೆಳೆಸುವ ಕಲ್ಪನೆಯನ್ನು ಸಸ್ಯವಿಜ್ಞಾನಿ ಹೇಬರ್‌ಲಾಂಟ್ 1902ರಲ್ಲೇ ಮುಂದಿಟ್ಟರು, ಆದರೆ ಅವರ ಕೋಶಗಳು ವಿಭಜನೆಯಾಗಲಿಲ್ಲ. 1957ರಲ್ಲಿ ಸ್ಕೂಗ್ ಮತ್ತು ಮಿಲ್ಲರ್ ಅವರು ತಂಬಾಕಿನ ಕಾಂಡದ ತಿರುಳಿನಲ್ಲಿ, ಆಕ್ಸಿನ್ ಎಂಬ ಸಸ್ಯ ಹಾರ್ಮೋನು ಹೆಚ್ಚಿದ್ದರೆ ಬೇರು, ಸೈಟೋಕೈನಿನ್ ಎಂಬ ಇನ್ನೊಂದು ಹಾರ್ಮೋನು ಹೆಚ್ಚಿದ್ದರೆ ಚಿಗುರು ಎಂದು ತೋರಿಸಿದರು. ಇಂದಿಗೂ ಬಹುತೇಕ ಎಲ್ಲರೂ ಬಳಸುವ ಎಂಎಸ್ (ಮುರಾಶಿಗೆ–ಸ್ಕೂಗ್) ಮಾಧ್ಯಮ 1962ರದು. ಇವಕ್ಕೆ ಪಕ್ಕದಲ್ಲೇ ಓದಬೇಕಾದ ಇನ್ನೊಂದು ತಿಳಿವಳಿಕೆ 2010ರದು: ಪ್ರಯೋಗಾಲಯಗಳಲ್ಲಿ ಮಾದರಿಯಾಗಿ ಬಳಸುವ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದ ಕ್ಯಾಲಸ್ (ಚೂರಿನಿಂದ ಮಾಧ್ಯಮದಲ್ಲಿ ಬೆಳೆಯುವ ಕೋಶಗಳ ಗಂಟು), ಹಿಂದೆ ನಂಬಿದ್ದಂತೆ ಗುರುತು ಕಳೆದುಕೊಂಡ ಕೋಶಗಳ ಮುದ್ದೆಯಾಗಿರದೆ, ಪಾರ್ಶ್ವಬೇರಿನ ಮೊಳಕೆಯ ತುದಿಯನ್ನು ಹೋಲುತ್ತದೆ. ಇದನ್ನು ಗಮನಿಸದೆ ‘ಕೋಶವು ಮೊದಲ ಸ್ಥಿತಿಗೆ ಮರಳುತ್ತದೆ’ ಎಂದು ಬರೆದರೆ ಪರೀಕ್ಷಕರು ಅಲ್ಲಿಯೇ ತಡೆಯುತ್ತಾರೆ.

ಗಿಡದ ಆಯ್ಕೆಯಲ್ಲಿ ಹೆಚ್ಚು ಕಾಲ ಕಳೆಯಬೇಕಾಗಿಲ್ಲ. ವಂಶವಾಹಿಯ ಪ್ರಶ್ನೆಯಾದರೆ ರೂಪಾಂತರಿತ ತಳಿಗಳು ಸುಲಭವಾಗಿ ಸಿಗುವ ಅರಬಿಡಾಪ್ಸಿಸ್. ಮರುಹುಟ್ಟಿಗೆ ಮಣಿಯದ ಗಿಡವೊಂದರ ಬಗ್ಗೆಯೇ ಪ್ರಶ್ನೆಯಿದ್ದರೆ ಆ ಗಿಡ, ಜೊತೆಗೆ ಸುಲಭವಾಗಿ ಮಣಿಯುವ ಅದರ ಹತ್ತಿರದ ಸಂಬಂಧಿ.

ಮೊದಲ ಆರು ತಿಂಗಳು ಕೈ ಪಳಗಿಸಿಕೊಳ್ಳುವುದಕ್ಕೆ ಮೀಸಲು. ಅರಬಿಡಾಪ್ಸಿಸ್‌ನಲ್ಲಾದರೆ ಬೇರಿನ ಚೂರುಗಳನ್ನು ಮೊದಲು ಕ್ಯಾಲಸ್ ಬರಿಸುವ ಮಾಧ್ಯಮದಲ್ಲಿ, ಎಂದರೆ ಲೀಟರಿಗೆ 0.5 ಮಿ.ಗ್ರಾಂ 2,4-ಡಿ (ಒಂದು ಆಕ್ಸಿನ್) ಮತ್ತು 0.05 ಮಿ.ಗ್ರಾಂ ಕೈನೆಟಿನ್ (ಒಂದು ಸೈಟೋಕೈನಿನ್) ಇರುವ ತಟ್ಟೆಯಲ್ಲಿ ಇಟ್ಟು, ಕೆಲವು ದಿನಗಳ ನಂತರ ಸೈಟೋಕೈನಿನ್ ಹೆಚ್ಚಿರುವ ಚಿಗುರು ಬರಿಸುವ ಮಾಧ್ಯಮಕ್ಕೆ ದಾಟಿಸುವುದು ರೂಢಿ. ಮಾಧ್ಯಮದ ಪಿಎಚ್ 5.7ರ ಸುಮಾರಿನಲ್ಲಿರಲಿ. ಐಎಎ ಎಂಬ ಆಕ್ಸಿನ್ ಬೆಳಕಿಗೂ ಕಾವಿಗೂ ಕೆಡುವ ವಸ್ತುವಾದ್ದರಿಂದ ಅದನ್ನು ಆಟೋಕ್ಲೇವ್ ಮಾಡದೆ (ಒತ್ತಡದ ಹಬೆಯಲ್ಲಿ ಕ್ರಿಮಿಶುದ್ಧಿ ಮಾಡದೆ), ಸೂಕ್ಷ್ಮ ಫಿಲ್ಟರಿನಲ್ಲಿ ಸೋಸಿ, ಮಾಧ್ಯಮದ ಬಿಸಿ ಆರಿದ ಮೇಲೆ ಸೇರಿಸಬೇಕು. ಪ್ರತಿ ತಟ್ಟೆಯ ಮೇಲೂ ಸಸಿಯ ವಯಸ್ಸನ್ನು ಬರೆಯಬೇಕು. ನನ್ನ ಮೊದಲ ವರ್ಷದಲ್ಲಿ ಒಂದೇ ಪ್ರಯೋಗ ಮೂರು ಸಲ ಮೂರು ಬಗೆಯ ಫಲಿತಾಂಶ ಕೊಟ್ಟಾಗ ನಾನು ಹಾರ್ಮೋನನ್ನು ಶಂಕಿಸಿ ಹೊಸ ಬಾಟಲಿ ತರಿಸಿದ್ದೆ. ಕೊನೆಗೆ ನೋಡಿದರೆ ಸಸಿಗಳ ವಯಸ್ಸು ಒಮ್ಮೆ ಆರು ದಿನ, ಒಮ್ಮೆ ಒಂಬತ್ತು, ಇನ್ನೊಮ್ಮೆ ಹನ್ನೊಂದು.

ಸಾಮರ್ಥ್ಯ ಬರುವ ದಿನವನ್ನು ಹಿಡಿಯಲು ಸ್ಥಳಾಂತರ ಪ್ರಯೋಗಕ್ಕಿಂತ ಅಗ್ಗವಾದ ಉಪಾಯವಿಲ್ಲ. ಒಂದೇ ದಿನ ಕತ್ತರಿಸಿದ ಚೂರುಗಳನ್ನು ಗುಂಪುಗಳಾಗಿ ಹಂಚಿ, ದಿನಕ್ಕೊಂದು ಗುಂಪಿನಂತೆ ಚಿಗುರಿನ ಮಾಧ್ಯಮಕ್ಕೆ ದಾಟಿಸುತ್ತಾ ಹೋಗಿ, ಯಾವ ದಿನದ ಗುಂಪು ಮೊದಲು ಸ್ಪಂದಿಸಿತು ಎಂಬುದನ್ನು ನೋಡಬೇಕು. ಕ್ರಿಶ್ಚಿಯನ್ಸನ್ ಮತ್ತು ವಾರ್ನಿಕ್ 1983ರಲ್ಲಿ ಕಾನ್ವಾಲ್ವುಲಸ್ ಬಳ್ಳಿಯ ಎಲೆಗಳಲ್ಲಿ ಇದೇ ತರ್ಕದಿಂದ, ಕೋಶವು ಸಂಕೇತಕ್ಕೆ ಸ್ಪಂದಿಸಲು ಶಕ್ತವಾಗುವ ಹಂತವನ್ನೂ ಅದರ ದಾರಿ ನಿಶ್ಚಿತವಾಗುವ ಹಂತವನ್ನೂ ಬೇರ್ಪಡಿಸಿ ತೋರಿಸಿದರು. ದಾಟಿಸಿದ ನಂತರ ಪ್ರತಿದಿನ ಸೂಕ್ಷ್ಮದರ್ಶಕದ ಕೆಳಗೆ ನೋಡುವ ಶಿಸ್ತು ಬೇಕು: ಮಾಸಲು ಹಳದಿಯ ಕ್ಯಾಲಸ್ಸಿನ ಮೇಲೆ ಸೂಜಿಮೊನೆಯಷ್ಟು ಹಸಿರು ಚುಕ್ಕೆ ಕಾಣಿಸಿದರೆ ಅದನ್ನು ಚಿಗುರೆಂದು ಬರೆಯಬಾರದು, ಏಕೆಂದರೆ ಹಲವು ಚುಕ್ಕೆಗಳು ಚುಕ್ಕೆಗಳಾಗಿಯೇ ಉಳಿಯುತ್ತವೆ. ಎಲೆಯ ಮೊಗ್ಗು ಸ್ಪಷ್ಟವಾಗಿ ಕಂಡ ಮೇಲಷ್ಟೇ ಚಿಗುರೆಂದು ಎಣಿಸುವುದಾಗಿ ಪ್ರಯೋಗಕ್ಕೆ ಮೊದಲೇ ನಿಯಮ ಮಾಡಿಕೊಳ್ಳಬೇಕು.

ಮೂಡಿದ್ದು ಚಿಗುರೋ ಕಾಯಿಕ ಭ್ರೂಣವೋ (ಬೀಜದಲ್ಲಲ್ಲದೆ ಗಿಡದ ಸಾಮಾನ್ಯ ಕೋಶದಿಂದ ಮೂಡುವ ಭ್ರೂಣ) ಎಂಬ ಗೊಂದಲ ಹೊರನೋಟದಿಂದ ಬಗೆಹರಿಯುವುದಿಲ್ಲ. ತೆಳುವಾಗಿ ಸೀಳಿ ಬಣ್ಣ ಹಾಕಿ ನೋಡಿದಾಗ ಚಿಗುರಿನ ನಾಳಗಳು ತಾಯಿ ಅಂಗಾಂಶದ ನಾಳಗಳೊಂದಿಗೆ ಕೂಡಿಕೊಂಡಿರುತ್ತವೆ. ಭ್ರೂಣಕ್ಕಾದರೆ ಅಂಥ ಕೊಂಡಿ ಇರುವುದಿಲ್ಲ, ಒಂದು ತುದಿಯಲ್ಲಿ ಕಾಂಡದ, ಇನ್ನೊಂದರಲ್ಲಿ ಬೇರಿನ ವರ್ಧನ ಅಂಗಾಂಶ ಎರಡೂ ಇರುತ್ತವೆ. ಈ ಒಂದು ಚಿತ್ರವಿಲ್ಲದೆ ‘ಕಾಯಿಕ ಭ್ರೂಣ’ ಎಂಬ ಪದವನ್ನು ಶೀರ್ಷಿಕೆಯಲ್ಲಿ ಇಡುವ ಧೈರ್ಯ ಬೇಡ.

ಎಣಿಕೆಯಲ್ಲಿ ಆಗುವ ತಪ್ಪು ಬಹಳ ಸಾಮಾನ್ಯ. ಒಂದು ತಟ್ಟೆಯಲ್ಲಿ 20 ಚೂರುಗಳಿದ್ದರೆ ಅವು 20 ಸ್ವತಂತ್ರ ಮಾಪನಗಳಾಗುವುದಿಲ್ಲ, ಒಂದೇ ಮಾಧ್ಯಮವನ್ನೂ ಒಂದೇ ಗಾಳಿಯನ್ನೂ ಹಂಚಿಕೊಂಡಿರುವುದರಿಂದ ಲೆಕ್ಕದ ಘಟಕ ತಟ್ಟೆಯೇ. ಬೇರೆ ಬೇರೆ ದಿನ ಬಿತ್ತಿದ ಸಸಿಗಳಿಂದ ಕನಿಷ್ಠ ಮೂರು ಸಲ ಪ್ರಯೋಗವನ್ನು ಮರುಕಳಿಸಬೇಕು. ಸೋಂಕು ತಗುಲಿದ ತಟ್ಟೆಗಳನ್ನು ಎಸೆಯುವ ಮುನ್ನ ಅವುಗಳ ಸಂಖ್ಯೆಯನ್ನೂ ದಾಖಲಿಸಬೇಕು. ಮರುಹುಟ್ಟಿದ ಗಿಡಗಳು ಮೂಲದಂತೆಯೇ ಇರುತ್ತವೆಂದೂ ಊಹಿಸಬಾರದು. ಕೃಷಿಯ ಕಾಲದಲ್ಲಿ ಉಂಟಾಗುವ ವ್ಯತ್ಯಾಸಗಳಿಗೆ 1981ರಲ್ಲಿ ‘ಸೋಮಾಕ್ಲೋನಲ್ ವೈವಿಧ್ಯ’ ಎಂಬ ಹೆಸರು ಬಂದಿದೆ. ಕೋಶಗಳ ಡಿಎನ್‌ಎ ಪ್ರಮಾಣವನ್ನು ಅಳೆಯುವ ಫ್ಲೋ ಸೈಟೊಮೆಟ್ರಿಯಿಂದ ವರ್ಣತಂತು ಗಣಗಳ ಸಂಖ್ಯೆಯನ್ನಾದರೂ ಪರೀಕ್ಷಿಸಿಕೊಳ್ಳುವುದು ಕ್ಷೇಮ.

ವಂಶವಾಹಿಗಳ ಅಧ್ಯಾಯಕ್ಕೆ ಇದೆಲ್ಲ ಗಟ್ಟಿಯಾದ ಮೇಲೆ ಕೈ ಹಾಕಿದರೆ ಸಾಕು. ವುಶೆಲ್, ಬೇಬಿ ಬೂಮ್ ಮೊದಲಾದ ವಂಶವಾಹಿಗಳನ್ನು ಅತಿಯಾಗಿ ಅಭಿವ್ಯಕ್ತಗೊಳಿಸಿದಾಗ ಹಾರ್ಮೋನಿಲ್ಲದೆಯೇ ಭ್ರೂಣ ಮೂಡಬಲ್ಲದು. ಆ ನೋಟಕ್ಕೆ ಮರುಳಾಗಿ ತೀರ್ಮಾನಕ್ಕೆ ಧಾವಿಸುವವರು ಅನೇಕರು, ಆದರೆ ವಂಶವಾಹಿಯೊಂದಕ್ಕೆ ಆ ಶಕ್ತಿಯಿದೆ ಎಂದಷ್ಟೇ ಅದರಿಂದ ತಿಳಿಯುತ್ತದೆ. ಗಾಯಗೊಂಡ ಎಲೆ ಸಹಜವಾಗಿ ಅದನ್ನು ಬಳಸುತ್ತದೆಯೇ ಎಂಬುದಕ್ಕೆ ಆ ವಂಶವಾಹಿ ನಿಷ್ಕ್ರಿಯವಾದ ತಳಿಯಲ್ಲಿ ಸ್ಥಳಾಂತರ ಪ್ರಯೋಗವನ್ನು ಅದೇ ವಯಸ್ಸಿನ ಸಸಿಗಳಿಂದ, ಅದೇ ದಿನಗಳ ಅಂತರದಲ್ಲಿ ಮತ್ತೊಮ್ಮೆ ನಡೆಸಿಯೇ ಉತ್ತರ ಪಡೆಯಬೇಕು.