ಹಳೆಯ ರೋಡ್ ಸೈಕಲ್ ಕೊಳ್ಳುವಾಗ ಟೇಪು ಕೈಯಲ್ಲಿರಲಿ

ಹಳೆಯ ಸ್ಟೀಲ್ ರೋಡ್ ಸೈಕಲ್‌ನಲ್ಲಿ ಚೈನು, ಟೈರು, ಸೀಟು ಎಲ್ಲವನ್ನೂ ಬದಲಾಯಿಸಬಹುದು. ಫ್ರೇಮ್ ಮಾತ್ರ ಹಾಗಲ್ಲ. ಅದು ಮೈಗೆ ಹೊಂದದಿದ್ದರೆ ಕುತ್ತಿಗೆ, ಸೊಂಟ ನೋವು ಶುರುವಾಗುತ್ತದೆ. ಬಣ್ಣ, ಬ್ರ್ಯಾಂಡು ಆಮೇಲೆ ನೋಡೋಣ.

ಮೊದಲು ನಿಮ್ಮ ಕಾಲಿನ ಒಳ ಅಳತೆ ತಗೊಳ್ಳಿ. ಬರಿಗಾಲಲ್ಲಿ ಗೋಡೆಗೆ ಬೆನ್ನು ತಾಗಿಸಿ ನಿಲ್ಲಿ. ಗಟ್ಟಿ ರಟ್ಟಿನ ಪುಸ್ತಕವೊಂದನ್ನು ತೊಡೆಸಂದಿಗೆ ಇಟ್ಟು, ಸೀಟಿನ ಮೇಲೆ ಕೂತಾಗ ಒತ್ತುವಷ್ಟು ಮೇಲಕ್ಕೆ ಒತ್ತಿ. ಪುಸ್ತಕದ ಮೇಲಂಚಿನಿಂದ ನೆಲದವರೆಗೆ ಅಳೆಯಿರಿ. ಪ್ಯಾಂಟಿನ ಅಳತೆಯನ್ನು ನಂಬಬೇಡಿ, ಅದು ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ.

ಬಂದ ಅಂಕಿಯನ್ನು 0.65ರಿಂದಲೂ 0.67ರಿಂದಲೂ ಗುಣಿಸಿ. 82 ಸೆಂ.ಮೀ. ಇದ್ದರೆ ಸುಮಾರು 53ರಿಂದ 55. ಇದು ಸೀಟ್ ಟ್ಯೂಬ್‌ನ (ಸೀಟಿನಿಂದ ಪೆಡಲ್ ಕಡೆಗೆ ಇಳಿಯುವ ಕೊಳವೆ) ಉದ್ದ: ಪೆಡಲ್ ತಿರುಗುವ ಅಚ್ಚಿನ ನಡುವಿನಿಂದ ಟಾಪ್ ಟ್ಯೂಬ್‌ನ (ಸೀಟಿನ ಕಡೆಯಿಂದ ಹ್ಯಾಂಡಲ್ ಕಡೆಗೆ ಹೋಗುವ ಮೇಲಿನ ಕೊಳವೆ) ನಡುವಿನವರೆಗೆ. ಇಲ್ಲೇ ಎಷ್ಟೋ ಜನ ಎಡವುತ್ತಾರೆ. ಕೆಲವು ತಯಾರಕರು ಸೀಟ್ ಟ್ಯೂಬ್‌ನ ತುದಿಯವರೆಗೂ ಅಳೆಯುತ್ತಿದ್ದರು. ಹಾಗೆ ಅಳೆದರೆ ಅದೇ ಫ್ರೇಮ್ ಒಂದೆರಡು ಸೆಂ.ಮೀ. ದೊಡ್ಡದಾಗಿ ಬರುತ್ತದೆ. ಮಾರುವವರು 56 ಅಂದರೆ ಎಲ್ಲಿಂದ ಎಲ್ಲಿಗೆ ಅಂತ ಕೇಳಿ, ಸಾಧ್ಯವಾದರೆ ನೀವೇ ಟೇಪು ಹಿಡಿಯಿರಿ. ಟಾಪ್ ಟ್ಯೂಬ್ ಇಳಿಜಾರಾಗಿರುವ ಹೊಸ ಸೈಕಲ್‌ನ ಸೈಜನ್ನು ಇದಕ್ಕೆ ಹೋಲಿಸಲು ಹೋಗಬೇಡಿ.

ನನ್ನ ಪ್ರಕಾರ ಇದಕ್ಕಿಂತ ಮುಖ್ಯ ಟಾಪ್ ಟ್ಯೂಬ್‌ನ ಉದ್ದ. ಸೀಟನ್ನು ಏರಿಸಿ ಇಳಿಸಬಹುದು, ಆದರೆ ಹ್ಯಾಂಡಲ್ ಎಷ್ಟು ದೂರ ಅನ್ನುವುದು ಬಹುಮಟ್ಟಿಗೆ ಈ ಟ್ಯೂಬ್‌ನ ಕೈಯಲ್ಲಿದೆ. ಎರಡು ಫ್ರೇಮ್‌ಗಳ ಸೀಟ್ ಟ್ಯೂಬ್ 54 ಇದ್ದರೂ ಒಂದರ ಟಾಪ್ ಟ್ಯೂಬ್ 53, ಇನ್ನೊಂದರದು 56 ಇರಬಹುದು. ಕಾಲು ಉದ್ದ, ಮುಂಡ ಗಿಡ್ಡ ಇರುವವರಿಗೆ ಆ 56 ಜಾಸ್ತಿಯೇ ಆಗುತ್ತದೆ. ಸೀಟನ್ನು ನಿಮ್ಮ ಎತ್ತರಕ್ಕೆ ಹೊಂದಿಸಿ, ಬ್ರೇಕ್ ಲಿವರ್‌ನ ಮೇಲ್ಭಾಗ ಹಿಡಿದು ಕೂತು ನೋಡಿ. ಮೊಣಕೈ ತುಸು ಬಾಗಿ, ಹೆಗಲು ಸಡಿಲವಾಗಿದ್ದರೆ ಸರಿ. ಒಂದೆರಡು ಸೆಂ.ಮೀ. ವ್ಯತ್ಯಾಸವಿದ್ದರೆ ಬೇರೆ ಸ್ಟೆಮ್ (ಹ್ಯಾಂಡಲನ್ನು ಸೈಕಲ್‌ಗೆ ಜೋಡಿಸುವ ಭಾಗ) ಹಾಕಿ ಸರಿಮಾಡಬಹುದು. ಅದಕ್ಕಿಂತ ಹೆಚ್ಚಿದ್ದರೆ ಆ ಸೈಕಲ್ ಬಿಟ್ಟುಬಿಡಿ.

ಶೂ ಹಾಕಿಕೊಂಡು ಟಾಪ್ ಟ್ಯೂಬ್‌ನ ಎರಡೂ ಬದಿಗೆ ಕಾಲಿಟ್ಟು ನಿಂತಾಗ ತೊಡೆಸಂದಿಗೂ ಟ್ಯೂಬಿಗೂ ನಡುವೆ 2ರಿಂದ 3 ಸೆಂ.ಮೀ. ಸಂದು ಉಳಿಯಬೇಕು. ಸೀಟಿನ ಕೆಳಗೆ ಸೀಟ್ ಪೋಸ್ಟ್ (ಸೀಟನ್ನು ಹೊತ್ತ ಕೊಳವೆ) ಸುಮಾರು ಒಂದು ಮುಷ್ಟಿಯಷ್ಟು ಕಂಡರೆ ಹಳೆಯ ಲೆಕ್ಕದಲ್ಲಿ ಅಳತೆ ಸರಿ.

ದುಡ್ಡು ಕೊಡುವ ಮುಂಚೆ ಸೀಟ್ ಪೋಸ್ಟನ್ನೂ ಸ್ಟೆಮ್ಮನ್ನೂ ಸಡಿಲಿಸಿ ಅಲುಗಾಡಿಸಿ. ಅಲ್ಯೂಮಿನಿಯಂ ಪೋಸ್ಟ್ ಸ್ಟೀಲ್ ಫ್ರೇಮ್‌ನೊಳಗೆ ವರ್ಷಗಟ್ಟಲೆ ಕೂತರೆ ಕಚ್ಚಿಕೊಂಡುಬಿಡುತ್ತದೆ. ಆಮೇಲೆ ಸೀಟನ್ನು ನಿಮ್ಮ ಎತ್ತರಕ್ಕೆ ತರುವುದೇ ಕಷ್ಟ. ಎರಡರ ಮೇಲೂ ಒಳಗೆ ಕನಿಷ್ಠ ಎಷ್ಟು ಇರಬೇಕೆಂಬ ಗೆರೆ ಇದ್ದರೆ, ಅದು ಹೊರಗೆ ಕಾಣುವಷ್ಟು ಎತ್ತಬೇಡಿ.