ಕೂಸಿಗೆ ಕ್ಯಾನ್ಸರ್ ಅಂದಾಗ ಅಪ್ಪ ಆದಾಂವ ಏನ್ ಮಾಡಬೇಕು, ಗದಗದ ಒಬ್ಬ ಮೋಟರ್ ರಿಪೇರಿಯಾಂವ ಬರ್ದದ್ದು

ನಂದು ಬೆಟಗೇರಿಯೊಳಗ ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟ ಪಂಪ್‌ಸೆಟ್ ಬಿಚ್ಚೂದು, ಹೊಸಾ ತಂತಿ ಸುತ್ತೂದು, ವಾರ್ನಿಶ್ ಹೊಡ್ದು ಒಣಗಿಸಿ ಕೊಡೂದು, ಇಪ್ಪತ್ತ್ ವರ್ಷದಿಂದ ಇದ ಕೆಲಸ. ಹಂಗಾಗಿ ಏನ ಕೆಟ್ರೂ ಬಿಚ್ಚಿ ನೋಡಿದ್ರ ಸರಿ ಆಗ್ತೈತಿ ಅನ್ನೂ ಚಟ ನನಗ. ಸಣ್ಣ ಮಗಗ ಆರು ವರ್ಷ ಇದ್ದಾಗ ಬ್ಲಡ್ ಕ್ಯಾನ್ಸರ್ ಅಂತ ಗೊತ್ತಾತು, ಎಂಟೂವರಿ ವರ್ಷಕ್ಕ ಹ್ವಾದ. ಈಗ ನಮ್ ಕಡೆ ಯಾರ ಮನ್ಯಾಗರ ಹಿಂಗಾದ್ರ ಮಂದಿ ನನ್ನ ನಂಬರ್ ಕೊಟ್ ಬಿಡ್ತಾರ, ಫೋನ್ ಮಾಡೂ ಅಪ್ಪಂದ್ರೆಲ್ಲಾ ಕೇಳೂದು ಎರಡ, ಯಾವ ಆಸ್ಪತ್ರಿ, ಎಷ್ಟ್ ರೊಕ್ಕ. ಅದನ್ನೂ ಹೇಳ್ತೇನಿ. ಆದ್ರ ಫೈಲ್ ಹಿಡಕೊಂಡ್ ಓಡಾಡೂದು ಒಂದ ಅಪ್ಪನ ಕೆಲಸ ಅಂತ ನಾ ತಿಳ್ಕೊಂಡಿದ್ನಲ್ಲಾ, ಅದು ಎಷ್ಟ್ ತಪ್ಪು ಅನ್ನೂದನ್ನೂ ಹೇಳಬೇಕಾಗೈತಿ.

ಮೊದಲ ಒಂದ್ ಮಾತು, ನನ್ನ ಮಗ ಹ್ವಾದ ಅಂತ ಓದಿ ನಿಮ್ಮ ಕೂಸಿಂದೂ ಹಂಗ ಅಂತ ಎದಿ ಒಡಕೊಂಡ್ ಕುಂದ್ರಬ್ಯಾಡ್ರಿ. ಮಕ್ಕಳ ಕ್ಯಾನ್ಸರ್ ಭಾಳಷ್ಟು ಔಷಧಕ್ಕ ಬಗ್ಗತಾವ, ಶ್ರೀಮಂತ ದೇಶದಾಗ ನೂರರಾಗ 80ಕ್ಕಿಂತ ಹೆಚ್ಚು ಮಕ್ಕಳು ಆರಾಮ ಆಗ್ತಾವ ಅಂತ ವಿಶ್ವ ಆರೋಗ್ಯ ಸಂಸ್ಥೆನ ಹೇಳ್ತೈತಿ. ನಮ್ಮಂಥಲ್ಲಿ ಕಮ್ಮಿ ಯಾಕಂದ್ರ ಹೋಗೂದ ತಡಾ, ಹ್ವಾದ ಮ್ಯಾಲ ಅರ್ಧಕ್ಕ ಬಿಟ್ ಬರೂದು. ನಮ್ಮಾಂವಗ ಬಂದದ್ದು ಎಎಲ್ಎಲ್ ಅಂತಾರಲ್ಲ ಅದು, ಮಕ್ಕಳಾಗ ಎಲ್ಲಾದಕ್ಕಿಂತ ಹೆಚ್ಚು ಬರೂ ಕ್ಯಾನ್ಸರ್ ಅದ. ಜ್ವರ ಬಿಟ್ ಬಿಟ್ ಬರ್ತಿತ್ತು, ಮುಖ ಬಿಳಿಚಿತ್ತು, ಎಲ್ಲೂ ಬಿದ್ದಿದ್ದಿಲ್ಲ ಆದ್ರ ಮೈಮ್ಯಾಲ ಬಡದಂಗ ನೀಲಿ ಕಲಿ, ರಾತ್ರಿ ಕಾಲ್ ನೋಯ್ತಾವ ಅಂತ ಅಳ್ತಿದ್ದ, ನಾನು ಬೆಳಿಯೂ ಹುಡುಗ್ರಿಗೆ ಹಂಗ ಆಗ್ತೈತಿ ಅಂತ ಎಣ್ಣಿ ತಿಕ್ಕಿ ಮಲಗಸ್ತಿದ್ನಿ. ಒಬ್ಬ ಡಾಕ್ಟರು ಟೈಫಾಯ್ಡ್ ಅಂತ ಮೂರ್ ವಾರ ತಗದ್ರು. ಜ್ವರ ಎರಡ್ ವಾರ ದಾಟಿದ್ರ ಸಿಬಿಸಿ, ಅಂದ್ರ ರಕ್ತದ ಕಣ ಎಣಿಸೂ ಪರೀಕ್ಷೆ, ಮಾಡಸ್ರಿ, ಪೆರಿಫೆರಲ್ ಸ್ಮಿಯರ್, ಅಂದ್ರ ರಕ್ತದ ಹನಿ ಗಾಜಿನ ಮ್ಯಾಲ ಹಚ್ಚಿ ನೋಡೂದು, ಮಾಡಸ್ರಿ ಅಂತ ಬಾಯ್ ಬಿಟ್ಟ ಕೇಳ್ರಿ, ಭಾಳ ಅಂದ್ರ ಡಾಕ್ಟರ್ ಸಿಟ್ಟಾಗ್ತಾರ, ಆಗ್ಲಿ.

ರೊಕ್ಕದ್ದು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಾಗ ಬಿಪಿಎಲ್ ಮನಿಗೆ ವರ್ಷಕ್ಕ 5 ಲಕ್ಷದ ತನಕಾ ಐತಿ, ಎಪಿಎಲ್ ಇದ್ರ ಸರ್ಕಾರದ ಪ್ಯಾಕೇಜ್ ರೇಟಿನ್ಯಾಗ ನೂರಕ್ಕ 30 ಸಿಗತೈತಿ. ಸರ್ಕಾರಿ ಆಸ್ಪತ್ರಿಯ ರೆಫರಲ್ ಚೀಟಿ ಬೇಕಾಗ್ತೈತಿ, ಗದಗದಾಗ ಜಿಮ್ಸ್, ಹಾವೇರಿಯವ್ರಿಗೆ ಜಿಲ್ಲಾ ಆಸ್ಪತ್ರಿ, ಇಲ್ಲಂದ್ರ ಹುಬ್ಬಳ್ಳಿ ಕಿಮ್ಸ್, ಈಗ ಅದರ ಹೆಸರು ಕೆಎಂಸಿಆರ್‌ಐ. ಹುಬ್ಬಳ್ಳಿ ನವನಗರದಾಗ ಕ್ಯಾನ್ಸರ್ ಆಸ್ಪತ್ರಿ ಐತಿ, ಬೆಂಗಳೂರಾಗ ಕಿದ್ವಾಯಿಯೊಳಗ ಮಕ್ಕಳದ್ದ ಬ್ಯಾರೆ ವಿಭಾಗ ಐತಿ. ಎಲ್ಲಿ ಹೋಗೂದಾದ್ರೂ ಮೊದಲ ಕೂಸಿನ ಹೆಸರು ರೇಷನ್ ಕಾರ್ಡಿನ್ಯಾಗ ಐತೋ ಇಲ್ಲೋ ನೋಡ್ರಿ. ನಮ್ಮಾಂವಂದು ಇದ್ದಿಲ್ಲ, ಹುಟ್ಟಿ ಆರ್ ವರ್ಷ ಆದ್ರೂ ಸೇರಸೂದ ಬಿಟ್ಟಿದ್ವಿ, ಅಂವ ವಾರ್ಡಿನ್ಯಾಗ ರಕ್ತ ಹಾಕಿಸ್ಕೊಂತ ಮಲಗಿದ್ರ ನಾ ಇಲ್ಲಿ ಆಫೀಸಿಂದ ಆಫೀಸಿಗೆ ಹೆಸರ್ ಸೇರ್ಸಾಕ ಓಡಾಡಿದ್ನಿ.

ರೈಲಿಂದು ಭಾಳ ಮಂದಿಗೆ ಗೊತ್ತಿಲ್ಲ. ಕ್ಯಾನ್ಸರ್ ಪೇಶಂಟಿಗೆ ಸ್ಲೀಪರ್ ಮತ್ತ ಥರ್ಡ್ ಎಸಿಯೊಳಗ ಪೂರ್ತಿ ಮಾಫಿ, ಜೋಡಿ ಹೋಗೂ ಒಬ್ಬರಿಗೆ ನೂರಕ್ಕ 75 ಬಿಡ್ತಾರ. ಆಸ್ಪತ್ರಿಯವ್ರ ಕಡೆ ರೈಲ್ವೆ ಫಾರ್ಮಿನ್ಯಾಗ ಸರ್ಟಿಫಿಕೇಟ್ ಬರಸ್ಕೊಂಡು ಸ್ಟೇಶನ್ ಕೌಂಟರಿಗೆ ಹೋಗ್ರಿ. ನಾವು ಹಂಪಿ ಎಕ್ಸ್‌ಪ್ರೆಸ್ಸಿಗೆ ಎಷ್ಟ್ ಸಲ ಹೋಗಿ ಬಂದ್ವಿ ಲೆಕ್ಕಿಲ್ಲ, ನಮ್ಮಾಂವಗ ಮ್ಯಾಲಿನ ಬರ್ತ್ ಬೇಕು ಅಂತ ಹಟ, ಪ್ಲೇಟ್ಲೆಟ್, ಅಂದ್ರ ರಕ್ತ ಸೋರೂದು ನಿಲ್ಲಸೂ ಕಣ, ಕಮ್ಮಿ ಇದ್ದಾಗ ಬಿದ್ರ ಏನ್ ಗತಿ ಅಂತ ನನಗ ಜೀವ ಬಾಯಾಗ.

ರಕ್ತದ್ದ ಒಂದ್ ಯಾದಿ ಮಾಡಿ ಇಟ್ಕೊಳ್ರಿ. ಪ್ಲೇಟ್ಲೆಟ್ ಐದ ದಿನಾ ತಡಿಯೂದು, ಹಂಗಾಗಿ ಮೊದಲ ತಂದ್ ಇಡಾಕ ಬರಂಗಿಲ್ಲ, ಬೇಕಂದಾಗ ಮನಿಷ್ಯಾ ಬೇಕು. ಎಸ್‌ಡಿಪಿ ಅಂದ್ರ ಒಬ್ಬರಿಂದ ಮಷಿನ್ ಹಚ್ಚಿ ತಗೀತಾರ, ಒಂದ್ ತಾಸಿನ ಮ್ಯಾಲ ಹಿಡೀತೈತಿ, ಕೊಡಾವ್ರು ಹಿಂದಿನ ಮೂರ್ ದಿನದಾಗ ಆಸ್ಪಿರಿನ್ ತಗೊಂಡಿರಬಾರದು. ನನ್ನ ಅಂಗಡಿ ಹುಡುಗ್ರು, ಎಪಿಎಂಸಿ ಗೆಳ್ಯಾರು, ಬೆಂಗಳೂರಾಗ ಕೆಲಸಕ್ಕಿದ್ದ ನಮ್ಮೂರ ಹುಡುಗ್ರು, ಎಲ್ಲಾರ ರಕ್ತದ ಗುಂಪು ಒಂದ್ ಹಾಳಿ ಮ್ಯಾಲ ಬರ್ದಿದ್ನಿ. ಏನರ ಮಾಡ್ಲೇನು ಅಂತ ಕೇಳಾವ್ರಿಗೆ ಆ ಹಾಳಿ ಮುಂದ ಹಿಡೀರಿ. ಯಾರೂ ಇಲ್ಲ ಅಂದಿದ್ದಿಲ್ಲ, ಖರೇ ಹೇಳ್ತೇನಿ.

ಜ್ವರ. ಕೀಮೋ ನಡದಾಗ 100.4 ಡಿಗ್ರಿ ಮುಟ್ಟಿತು ಅಂದ್ರ ಗುಳಿಗಿ ಕೊಟ್ಟು ಮುಂಜಾನಿ ನೋಡೂಣು ಅನ್ನೂದ ಇಲ್ಲ, ರಾತ್ರಿ ಎರಡಾಗಿದ್ರೂ ಆಸ್ಪತ್ರಿ. ಬಿಳಿ ಕಣ ಇಲ್ಲದ ಮೈಯಾಗ ಸೋಂಕು ತಾಸ್‌ಗಟ್ಟಲೆ ಲೆಕ್ಕದಾಗ ಏರ್ತೈತಿ. ಥರ್ಮಾಮೀಟರ್ ಎರಡ್ ಇಟ್ಕೊಳ್ರಿ, ಸಮೀಪದ ಆಸ್ಪತ್ರಿ ಯಾವುದು, ಅಲ್ಲಿ ಏನ್ ಇಂಜೆಕ್ಷನ್ ಕೊಡಬೇಕು ಅಂತ ದೊಡ್ಡಾಸ್ಪತ್ರಿಯವ್ರಿಂದ ಬರಸ್ಕೊಂಡ್ ಬರ್ರಿ. ಊಟ ಬಿಸಿದು, ಆಗಿಂದಾಗ ಮಾಡಿದ್ದು, ರೊಟ್ಟಿ ಜೋಡಿ ಹಸೀ ಗಜ್ಜರಿ ಸೌತಿಕಾಯಿ ಸದ್ಯಕ್ಕ ಬ್ಯಾಡ. ಮನ್ಯಾಗ ಯಾರಿಗರ ಗಣಜಲಿ, ಅದ ಚಿಕನ್‌ಪಾಕ್ಸ್, ಆಗಿದ್ರ ಅಮ್ಮ ಬಂದಾಳ ಅಂತ ಸುಮ್ನ ಇರದ ಡಾಕ್ಟರಿಗೆ ಆವತ್ತ ಹೇಳ್ರಿ. ಬೀಗ್ರು ಬಿಜ್ರು ಕಷಾಯ ತರ್ತಾರ, ತಾಯತ ತರ್ತಾರ. ತಾಯತ ಕಟ್ಟಿಸ್ಕೊಂಡ್ವಿ, ಸಿದ್ಧಾರೂಢ ಮಠಕ್ಕೂ ಹೋಗಿ ಬಂದ್ವಿ, ಕಷಾಯ ಮಾತ್ರ ಹೊಟ್ಟಿಯೊಳಗ ಹೋಗಾಕ ಬಿಡಲಿಲ್ಲ.

ಇಲ್ಲೀತನಕ ಹೇಳಿದ್ದು ಎಲ್ಲಾ ನಾ ಛಲೋ ಮಾಡಿದ ಕೆಲಸ. ನೀಲಿ ಪ್ಲಾಸ್ಟಿಕ್ ಫೈಲಿನ್ಯಾಗ ತಾರೀಖ ಪ್ರಕಾರ ಒಂದೊಂದ್ ರಿಪೋರ್ಟ್, ನರ್ಸ್‌ಗೋಳ ಇವ್ರ ಫೈಲ್ ನೋಡ್ರಿ ಅಂತ ಬ್ಯಾರೆಯವ್ರಿಗೆ ತೋರಸ್ತಿದ್ರು, ನನಗ ಒಳಗೊಳಗ ಜಂಬ. ಬೆನ್ನಿನ್ಯಾಗ ಸೂಜಿ ಹಾಕೂ ದಿನಾ ಬಂದ್ರ ನಾ ಎಲ್ಲಿ ಇರ್ತಿದ್ನಿ? ಬಿಲ್ ಕೌಂಟರಿನ್ಯಾಗ. ಅಲ್ಲಿ ಲೈನ್ ಇಲ್ಲದಾಗೂ ನಿಂತಿರ್ತಿದ್ನಿ. ನನ್ನ ಹೆಂಡ್ತಿ, ಅಕಿ ಒಬ್ಬಾಕೇ ಅವನ ಕಾಲು ಹಿಡಕೊಂಡ್ ಕುಂದರ್ತಿದ್ಲು. ಒಂದಿನ ಅಂವ ಕೇಳಿದ, ಅಪ್ಪಾ ನಿನಗ ಸೂಜಿ ಅಂದ್ರ ಅಂಜಿಕಿ ಅಲ್ಲಾ ಅಂತ. ಚಾಷ್ಟಿ ಮಾಡಿದ್ದಲ್ಲ, ಖರೇನ ಕೇಳಿದ್ದು. ಹೌದಪಾ ಅಂದ್ನಿ. ಹಂಗಾರ ಮಾರಿ ಆ ಕಡೆ ಮಾಡು, ಕೈ ಅಷ್ಟ ಹಿಡಿ ಅಂದ.

ಅದಕ್ಕ ಹೇಳೂದು, ಸರದಿ ಹಚ್ಚಿ ಕುಂದರ್ರಿ. ಕೌಂಟರಿಗೆ ಮೈದುನನ್ನ ಕಳಸ್ರಿ, ಅಳ್ಯಾನ್ನ ಕಳಸ್ರಿ, ಓದಾಕ ಬರೂ ಯಾರಾದ್ರೂ ಆಗ್ತೈತಿ. ಕೂಸಿನ ಬಾಜೂಕ ಮಾತ್ರ ನೀವ. ಸ್ಟೆರಾಯ್ಡ್ ನಡದಾಗ ರಾತ್ರಿ ಮೂರಕ್ಕ ಎಬ್ಬಿಸಿ ಉಪ್ಪಿಟ್ಟು ಬೇಕು ಅಂತಾವ, ಕೊಟ್ರ ಇದಲ್ಲಾ ಅಂತ ಒಗೀತಾವ, ಅದು ಔಷಧದ ಸಿಟ್ಟು, ಕೂಸಿಂದಲ್ಲ. ವಿನ್‌ಕ್ರಿಸ್ಟಿನ್ ಇಂಜೆಕ್ಷನ್ ಆದ ಮ್ಯಾಲ ಸಂಡಾಸ್ ಕಟ್ತೈತಿ. ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್‌ನ್ಯಾಗ ಹಮಾಲಿ ಮಾಡೂ ಒಬ್ಬಾತ ಧರ್ಮಶಾಲೆಯೊಳಗ ಸಿಕ್ಕಿದ್ದ, ಅವನ ಮಗಳೂ ವಾರ್ಡಿನ್ಯಾಗ. ನಮ್ಮಿಬ್ರ ಮಾತು ಮುಂಜಾನಿ ಚಾ ಕುಡಿಯೂ ಮುಂದ ಶುರು ಆಗೂದ ಇದರಿಂದ, ನಿಮ್ಮಾಂವ ಸಂಡಾಸಕ್ಕ ಹೋದ್ನೇನ್ರಿ, ಇಲ್ರಿ ಇನ್ನಾ, ನಮ್ಮಾಕಿ ಹ್ವಾದ್ಲು ನೋಡ್ರಿ ಅಂತ. ಹಿಂಗ ಮಾತಾಡಾಕ ನನ್ನ ಸ್ವಂತ ಅಣ್ಣನ ಜೋಡೀನೂ ಆಗ್ತಿದ್ದಿಲ್ಲ. ವಾರ್ಡಿನ್ಯಾಗ ಒಬ್ಬ ಅಪ್ಪನ್ನ ಹುಡುಕ್ರಿ, ನೀವ ಮೊದಲ ಮಾತಾಡಸ್ರಿ, ಅಂವನೂ ಕಾದಿರ್ತಾನ.

ಮನ್ಯಾಗ ಇನ್ನೊಂದ್ ಕೂಸಿದ್ರ ಅದಕ್ಕ ನೇರ ಹೇಳ್ರಿ. ನಮ್ಮ ದೊಡ್ಡಾಕಿ ಆಗ ಹನ್ನೊಂದು ವರ್ಷದಾಕಿ, ಗದಗದಾಗ ಅಜ್ಜಿ ಕಡೆ ಬಿಟ್ಟಿದ್ವಿ, ತಮ್ಮಗ ಜ್ವರ ಅಂತಷ್ಟ ಹೇಳಿದ್ವಿ. ತಾನು ಅವನ್ನ ಕಟ್ಟಿ ಮ್ಯಾಲಿಂದ ದೂಡಿದ್ದಕ್ಕ ಹಿಂಗಾತು ಅಂತ ಎಂಟ್ ತಿಂಗಳ ಮನಸಿನ್ಯಾಗ ಇಟ್ಕೊಂಡಿದ್ಲು ಹುಡುಗಿ. ಕ್ಯಾನ್ಸರ್ ಅಂತ ಹೆಸರು ಹೇಳ್ರಿ, ಒಬ್ಬರಿಂದ ಒಬ್ಬರಿಗೆ ಹತ್ತೂ ರೋಗ ಅಲ್ಲ ಅಂತ ಹೇಳ್ರಿ, ಯಾರ ತಪ್ಪಿನಿಂದಾನೂ ಬಂದಿಲ್ಲ ಅಂತ ಎರಡ್ ಮೂರ್ ಸಲ ಹೇಳ್ರಿ.

ಎರಡ್ ವರ್ಷದ ಔಷಧ ಮುಗಿಯಾಕ ಬಂದಾಗ ರೋಗ ತಿರಗಿ ಬಂತು. ಅದನ್ನ ಭಾಳ ಬರಿಯಂಗಿಲ್ಲ. ಇನ್ನ ಕೀಮೋದಿಂದ ಉಪಯೋಗ ಇಲ್ಲ ಅಂತ ಡಾಕ್ಟರ್ ಅಂದಾಗ ಬ್ಯಾರೆ ಊರಿಗೆ ಹೋಗೂಣು, ಮನಿ ಮಾರೂಣು ಅಂತ ನಾನ ಕುಣದದ್ದು, ಅಕಿ ಸುಮ್ನ ಕೇಳಿದ್ಲು, ಅವಗ ನೋವಾಗದಂಗ ಏನ್ ಮಾಡ್ತೀರಿ ಡಾಕ್ಟರ್ ಅಂತ. ಅದ ಕೇಳಬೇಕಾಗಿದ್ದ ಪ್ರಶ್ನೆ. ಪ್ಯಾಲಿಯೇಟಿವ್ ಕೇರ್, ಅಂದ್ರ ನೋವು ಕಮ್ಮಿ ಮಾಡೂ ಆರೈಕಿ, ಕೈ ಬಿಡೂದಲ್ಲ, ಮಾರ್ಫಿನ್ ಹನಿ ಅಳತಿ ಪ್ರಕಾರ ಕೊಟ್ರ ಕೂಸು ನೋವಿಲ್ಲದ ನಿದ್ದಿ ಮಾಡ್ತೈತಿ, ನಗತೈತಿ ಸೈತ. ಬೆಂಗಳೂರಾಗ ಕರುಣಾಶ್ರಯದಂಥಾ ಕಡೆ ಕಡೀ ಹಂತದವ್ರನ್ನ ಪುಕ್ಕಟೆ ನೋಡ್ಕೊಂತಾರ. ಅವಗ ಮನಿಗೆ ಬರಬೇಕಾಗಿತ್ತು, ಕರಕೊಂಡ್ ಬಂದ್ವಿ, ಹತ್ತೊಂಬತ್ತು ದಿನಾ ಇದ್ದ, ದಿನಾ ಸಂಜಿಕೆ ಅಂಗಡಿಗೆ ಎತ್ತಕೊಂಡ್ ಹೋಗಬೇಕು ಅಂತಿದ್ದ, ತಂತಿ ಸುತ್ತೂ ಮಷಿನ್ ತಿರುಗಸ್ತಿದ್ದ.

ಮಣ್ಣ ಮಾಡಿ ಬಂದ ಮ್ಯಾಲಿಂದು ಯಾರೂ ಹೇಳಿಕೊಡಂಗಿಲ್ಲ. ಮಾತಾಡ್ಸಾಕ ಬರಾವ್ರು ಒಬ್ಬೊಬ್ಬರೂ ಮೊದಲಿಂದ ಹೇಳ್ರಿ ಅಂತಾರ, ತಾಯಿ ಆದಾಕಿ ದಿನಕ್ಕ ಇಪ್ಪತ್ತ್ ಸಲ ಅದನ್ನ ಹೇಳೂದು ಅಂದ್ರ ಏನು ಅಂತ ಅವ್ರಿಗೆ ತಿಳಿಯಂಗಿಲ್ಲ, ಮ್ಯಾಲ ಇನ್ನೊಂದ್ ಹಡೀರಿ ಅನ್ನಾವ್ರೂ ಅದಾರ. ಬಾಗಲದಾಗ ಗಟ್ಟಿ ಬಾಯಿಯ ಒಬ್ಬ ಅತ್ತಿಯನ್ನ ಕುಂದ್ರಸ್ರಿ, ಅಕಿನ ಹೇಳ್ಲಿ, ಚಾ ಕುಡಿಸಿ ಕಳಸ್ಲಿ. ನಾನು ಎಂಟನೇ ದಿನಕ್ಕ ಅಂಗಡಿ ತಗದ್ನಿ. ಮತ್ತ ಒಂದ್ ದೊಡ್ಡ ತಪ್ಪು ಮಾಡಿದ್ನಿ, ಅಕಿಗೆ ಕಂಡ್ರ ಸಂಕಟ ಆಗ್ತೈತಿ ಅಂತ ನಾನ ತಿಳ್ಕೊಂಡು ಅವನ ಸಾಲಿ ಚೀಲ, ಅಂಗಿ, ಬೂಟು ಎಲ್ಲಾ ಗಂಟ್ ಕಟ್ಟಿ ಕೊಟ್ ಬಿಟ್ನಿ. ಅಕಿ ಹದಿನೈದು ದಿನಾ ನನ್ನ ಜೋಡಿ ಮಾತಾಡಲಿಲ್ಲ, ಅವನ ವಾಸನಿ ಅದರಾಗ ಇತ್ತು ಅಂದ್ಲು. ಒಂದ್ ವರ್ಷ ಏನೂ ಮುಟ್ಟಬ್ಯಾಡ್ರಿ. ಮತ್ತ ನಿಮ್ಮಿಬ್ರ ದುಃಖ ಒಂದ ಥರಾ ಇರಂಗಿಲ್ಲ, ಅಕಿ ಅಳ್ತಿದ್ಲು, ನಾ ಸಣ್ಣ ಸಣ್ಣದಕ್ಕ ಅಂಗಡಿ ಹುಡುಗ್ರ ಮ್ಯಾಲ ಹರಿಹಾಯ್ತಿದ್ನಿ, ಇಬ್ರದ್ದೂ ಅದ ರೋಗ ಅಂತ ಭಾಳ ದಿನಾ ತಿಳೀಲಿಲ್ಲ.

ನಿದ್ದಿ ಹಾರಿದ್ರ, ಕುಡಿಯೂದು ಹೆಚ್ಚಾದ್ರ, ಸತ್ರ ಛಲೋ ಅಂತ ಒಂದ್ ಸಲ ಅನ್ನಿಸಿದ್ರೂ 14416ಕ್ಕ ಫೋನ್ ಹಚ್ಚರಿ. ಟೆಲಿ ಮಾನಸ್ ಅದು, ಸರ್ಕಾರದ್ದು, ಪುಕ್ಕಟೆ, ಹಗಲ್ ರಾತ್ರಿ ಇರ್ತೈತಿ, ಕನ್ನಡದಾಗ ಮಾತಾಡ್ತಾರ. ನಾ ಧಾರವಾಡದ ಡಿಮ್ಹಾನ್ಸ್‌ಗೆ ಹ್ವಾದ್ನಿ. ನಮ್ ಕಡೆ ಅದನ್ನ ಇನ್ನೂ ಹುಚ್ಚಾಸ್ಪತ್ರಿ ಅಂತಾರ, ಹಂಗಾಗಿ ಮೊದಲ ಸಲ ಮುಖಕ್ಕ ಟವೆಲ್ ಸುತ್ಕೊಂಡ್ ಹ್ವಾದದ್ದು, ಗೇಟಿನ್ಯಾಗ ನಮ್ಮ ಬೆಟಗೇರಿ ನೇಕಾರ ಗಿರಾಕಿ ಒಬ್ಬ ಹೊರಗ ಬರಾಕ ಹತ್ತಿದ್ದ, ಇಬ್ರೂ ಒಬ್ಬರನ್ನೊಬ್ಬರು ನೋಡಿ ನಕ್ವಿ. ಅಲ್ಲಿ ಡಾಕ್ಟರಮ್ಮ ಏನೂ ದೊಡ್ಡ ಮಾತು ಹೇಳಲಿಲ್ಲ, ಮಗನ ಬಗ್ಗೆ ಹೇಳ್ರಿ ಅಂದ್ರು, ರೋಗದ ಬಗ್ಗೆ ಅಲ್ಲ, ಮಗನ ಬಗ್ಗೆ. ನಾ ಫೈಲ್ ತಗೊಂಡ್ ಹೋಗಿದ್ನಿ ನೋಡ್ರಿ, ತಗೀಲೇ ಇಲ್ಲ.

ಕಡೀಕ ಕಾಗದದ್ದ ಒಂದ್ ಉಳದೈತಿ. ಸಾವು ನೋಂದಣಿ 21 ದಿನದೊಳಗ ಆಗಬೇಕು, ಅದನ್ನ ಯಾರಿಗಾದ್ರೂ ಹಚ್ಚರಿ. ಆಮ್ಯಾಲ ರೇಷನ್ ಕಾರ್ಡಿನ್ಯಾಗಿಂದ ಹೆಸರ್ ತಗಸೂದು ಬರ್ತೈತಿ. ಇಷ್ಟ್ ದಿನಾ ಆಫೀಸ್ ಕೆಲಸ ಅಂದ್ರ ನನಗ ನೀರ್ ಕುಡ್ದಂಗ, ಅದಕ್ಕ ಒಬ್ಬನ ಹ್ವಾದ್ನಿ. ಕಂಪ್ಯೂಟರ್ ಮುಂದಿನ ಹುಡುಗ ಕಾರಣ ಏನ್ರಿ ಅಂದ, ಮದವಿ ಆಗಿ ಹ್ವಾದ್ರೋ ಏನೋ ಅಂತ ತಾನ ಕೇಳಿದ, ಪಾಪ ಅವಗೇನ್ ಗೊತ್ತು. ನನ್ನ ಬಾಯಿಂದ ಮಾತ ಹೊರಡಲಿಲ್ಲ, ಎದ್ದ ಬಂದ್ನಿ. ಎರಡ್ ತಿಂಗಳ ಬಿಟ್ಟು ಅಕಿನ್ನೂ ಬ್ಯಾಡಗಿಯ ಆ ಗೆಳ್ಯಾನ್ನೂ ಕರಕೊಂಡ್ ಹ್ವಾದ್ನಿ, ಅಂವ ಮಗಳು ಆರಾಮ ಆದ ಪೇಡೆ ಕೊಡಾಕ ಅಂತ ಬಂದಿದ್ದ, ಕೊಡಾಕ ಆಗದ ಚೀಲದಾಗ ಹಂಗ ಇಟ್ಕೊಂಡಿದ್ದ. ಕಾರಣ ಅಕಿನ ಹೇಳಿದ್ಲು. ಹೊರಗ ಬಂದು ಗಿರಮಿಟ್ಟು ಮಿರ್ಚಿ ತಿಂದ್ವಿ, ಪೇಡೆ ತಗಿಯಪಾ ಅಂತ ಅಕಿನ ಕೇಳಿದ್ಲು.