ದಿನಕ್ಕೆ ಒಂದೂವರೆ ಜಿಬಿ ಲಾಗ್, ಒಂದು ಸಣ್ಣ ಸ್ಕ್ರಿಪ್ಟ್: ನನ್ನ ಅನುಭವ

ಕೋಲಾರ, ಬಂಗಾರಪೇಟೆ, ಮುಳಬಾಗಿಲು ಕಡೆ ಮನೆಗಳಿಗೆ ಫೈಬರ್ ಇಂಟರ್ನೆಟ್ ಕೊಡುವ ಸಣ್ಣ ಕಂಪನಿಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ನಮ್ಮ ಮೈಕ್ರೋಟಿಕ್ ರೌಟರ್‌ನಿಂದ ದಿನಕ್ಕೆ ಹೆಚ್ಚುಕಮ್ಮಿ 1.5 ಜಿಬಿ ಸಿಸ್‌ಲಾಗ್ (ಯಾವಾಗ ಏನಾಯಿತು ಅನ್ನೋ ಸಾಲು ಸಾಲು ದಾಖಲೆ) ಬರುತ್ತದೆ. ಅದನ್ನು ಗ್ರೆಪ್, ಆಕ್ ಅನ್ನೋ ಲಿನಕ್ಸ್ ಕಮಾಂಡ್‌ಗಳ ಸ್ಕ್ರಿಪ್ಟಿನಲ್ಲೇ ಸೋಸುತ್ತೇನೆ ಅಂದಾಗ ಆಫೀಸಲ್ಲಿ ಯಾರೂ ನಂಬಲಿಲ್ಲ. ಇದೇ ಕೆಲಸಕ್ಕೆ ಕ್ಲೌಡ್ ಡ್ಯಾಶ್‌ಬೋರ್ಡ್ ಮಾರುವವರು ತಿಂಗಳಿಗೆ 12,000 ರೂಪಾಯಿ ಹತ್ತಿರ ಕೇಳಿದ್ದರು. ನನಗೆ ಖರ್ಚಾಗಿದ್ದು ಹಳೇ ಡೆಸ್ಕ್‌ಟಾಪ್‌ಗೆ ಹಾಕಿದ ಎಸ್‌ಎಸ್‌ಡಿ ಒಂದೇ, 3,000ದ ಒಳಗೆ. ಅಲ್ಲದೆ ಲಾಗ್ ಬೇಕಾಗೋದೇ ಲೈನ್ ಬಿದ್ದಾಗ. ಆಗ ಕ್ಲೌಡ್ ತೆರೆಯೋದು ಹೇಗೆ?

ಶುರುವಿನಲ್ಲಿ ಬಹಳ ಕಾಡಿತು. ಹಳೇ ಲಾಗ್ ಎತ್ತಿಟ್ಟು ಹೊಸದು ಶುರುಮಾಡುವ ಲಾಗ್‌ರೊಟೇಟ್ ಮಧ್ಯರಾತ್ರಿ ಫೈಲ್ ಬದಲಿಸಿದ ಮೇಲೆ ಸ್ಕ್ರಿಪ್ಟ್ ಮೌನ. ಫೈಲಿಗೆ ಹೊಸದಾಗಿ ಬರುವ ಸಾಲು ತೋರಿಸುವ ಟೇಲ್ ಕಮಾಂಡಿಗೆ ಸಣ್ಣ ಎಫ್ (-f) ಕೊಟ್ಟರೆ ಅದು ಹಳೇ ಫೈಲನ್ನೇ ಹಿಡಿದು ಕೂರುತ್ತದೆ, ದೊಡ್ಡ ಎಫ್ (-F) ಬೇಕು. ಪೈಪ್‌ನಲ್ಲಿ (ಒಂದು ಕಮಾಂಡ್ ಇನ್ನೊಂದಕ್ಕೆ ಸಾಲು ದಾಟಿಸುವಾಗ) ಗ್ರೆಪ್ ಸಾಲುಗಳನ್ನು ಗುಡ್ಡೆ ಹಾಕಿಕೊಂಡು ತಡವಾಗಿ ಬಿಡುತ್ತಿತ್ತು. ಸಾಲು ಬಂದ ಕೂಡಲೇ ಬಿಡಿಸುವ ಲೈನ್-ಬಫರ್ಡ್ ಆಯ್ಕೆ ಕೊಟ್ಟೆ, ಸರಿಹೋಯಿತು. ಹಳೇ ಫೈಲುಗಳನ್ನು ಹುಡುಕುವಾಗ ಲೊಕೇಲ್ (ಭಾಷೆಯ ಸೆಟ್ಟಿಂಗ್) 'ಸಿ' ಮಾಡಿಕೊಳ್ಳಿ, ವೇಗದಲ್ಲಿ ವ್ಯತ್ಯಾಸ ಕಾಣುತ್ತದೆ. ಸಿಸ್‌ಲಾಗ್‌ನ ಹಳೇ ಮಾದರಿಯಲ್ಲಿ ಇಸವಿಯೇ ಇರಲ್ಲ ಅಲ್ವಾ, ಅದಕ್ಕೆ ಫೈಲ್ ಹೆಸರಲ್ಲೇ ಇಸವಿ ಸೇರಿಸುತ್ತೇನೆ.

ಮಧ್ಯೆ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್‌ನಲ್ಲೂ ಓಡಿಸಿ ನೋಡಿದೆ. ಬಿಡುವಿಲ್ಲದ ಬರೆಯುವಿಕೆಗೆ ಎಸ್‌ಡಿ ಕಾರ್ಡ್ ಕೆಲವೇ ತಿಂಗಳಲ್ಲಿ ಸತ್ತಿತು. ಕರೆಂಟ್ ಉಳಿತಾಯ ಕಾರ್ಡಿನ ದುಡ್ಡಿಗೇ ಹೋಯಿತು. ಆದರೆ ಅಲ್ಲಿ ಕಲಿತದ್ದು ಉಳಿಯಿತು: ಮೊದಲು ರ‍್ಯಾಮ್‌ನಲ್ಲಿ ಬರೆದು, ಗಂಟೆಗೊಮ್ಮೆ ಡಿಸ್ಕಿಗೆ ಇಳಿಸೋದು.

ನಿಜವಾದ ಲಾಭ ಯಾವ ಸಾಲು ಇಟ್ಟುಕೊಳ್ಳುತ್ತೇವೆ ಅನ್ನೋದರಲ್ಲಿದೆ. ಪಿಪಿಪಿಒಇ (ಮನೆಯ ರೌಟರ್ ನಮಗೆ ಲಾಗಿನ್ ಆಗುವ ಸಂಪರ್ಕ) ಕಡಿತದ ಸಾಲುಗಳಲ್ಲಿ 'ಹಂಗ್‌ಅಪ್' (ಆ ಕಡೆಯೇ ಸಂಪರ್ಕ ಮುಚ್ಚಿದ್ದು) ಇರುವುದನ್ನೆಲ್ಲ ಬಿಟ್ಟೆ. 'ಪೀರ್ ಈಸ್ ನಾಟ್ ರೆಸ್ಪಾಂಡಿಂಗ್' (ಆ ಕಡೆಯಿಂದ ಉತ್ತರವೇ ಇಲ್ಲ) ಮಾತ್ರ ಹಿಡಿದೆ. ಒಂದೇ ನಿಮಿಷದಲ್ಲಿ ಒಂದೇ ಸ್ಪ್ಲಿಟರ್‌ನ (ಒಂದು ಫೈಬರನ್ನು ಹಲವು ಮನೆಗೆ ಹಂಚುವ ಸಾಧನ) ಐದಾರು ಮನೆಯ ಸಂಪರ್ಕ ಬಿದ್ದರೆ ಎಸ್‌ಕ್ಯೂಲೈಟ್ ಅನ್ನೋ ಸಣ್ಣ ಡೇಟಾಬೇಸ್‌ನಲ್ಲಿ ಒಂದು ಸಾಲು ಸೇರುತ್ತದೆ. ಯುಪಿಎಸ್ ಇಲ್ಲದ ಮನೆಗಳು ಮಾತ್ರ ಬಿದ್ದರೆ ಕರೆಂಟ್ ಹೋಗಿದೆ. ಯುಪಿಎಸ್ ಇರುವವರ ಸಂಪರ್ಕವೂ ಬಿದ್ದರೆ ತೊಂದರೆ ಫೈಬರ್‌ನಲ್ಲಿ, ರಿಪೇರಿಗೆ ಹುಡುಗರನ್ನು ಕಳಿಸಬೇಕು. ಈ ಒಂದು ಭೇದ ಗೊತ್ತಾದ ಮೇಲೆ ಸುಮ್ನೆ ಓಡಾಡುವ ಪೆಟ್ರೋಲ್ ಖರ್ಚು ಅರ್ಧಕ್ಕಿಂತ ಕೆಳಗೆ ಬಂತು. ಯಾವ ಮನೆ ಯಾವ ಸ್ಪ್ಲಿಟರ್ ಅಂತ ಯೂಸರ್‌ನೇಮ್‌ನಿಂದಲೇ ಹೇಗೆ ಪತ್ತೆ ಮಾಡುತ್ತೇನೆ ಅನ್ನೋದನ್ನು ಇಲ್ಲಿ ಬಿಡಿಸಿ ಹೇಳಲ್ಲ. ಅದಕ್ಕೆ ನಾನು ತುಂಬಾ ರಾತ್ರಿ ಕೂತಿದ್ದೇನೆ.

ಸೋಸಿದ್ದು ಸಿಕ್ಕಿತು ಅಂತ ಮೂಲ ಲಾಗ್ ಅಳಿಸಬೇಡಿ. ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಆದೇಶದಲ್ಲೇ 180 ದಿನ ಇಡಬೇಕು ಅಂತಿದೆ, ಇಂಟರ್ನೆಟ್ ಕಂಪನಿಯ ಲೈಸೆನ್ಸ್ ಷರತ್ತು ಅದಕ್ಕಿಂತ ಜಾಸ್ತಿ ಕೇಳುತ್ತದೆ. ಜಿಜಿಪ್‌ನಿಂದ ಕುಗ್ಗಿಸಿದರೆ ನಮ್ಮ ಲಾಗ್ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಝಡ್‌ಗ್ರೆಪ್ ಕಮಾಂಡಿನಲ್ಲಿ ಬಿಚ್ಚದೆ ಹಾಗೇ ಹುಡುಕಬಹುದು. ಈಗ ಶ್ರೀನಿವಾಸಪುರದ ಲೈನನ್ನೂ ಇದಕ್ಕೇ ಸೇರಿಸುತ್ತಿದ್ದೇನೆ. ಡ್ಯಾಶ್‌ಬೋರ್ಡ್ ಮಾತು ಆಫೀಸಲ್ಲಿ ನಿಂತಿದೆ.